ಅಜ್ಜನ ಕಾಲದ ಜೋಡುನಳಿಗೆ ಕೋವಿಗೆ 70 ಎಂಎಂ ತೋಟಾ ಹಾಕ್ಬೋದಾ?

ಪ್ರಶ್ನೆ, ಮೂಡಿಗೆರೆಯಿಂದ:
ಎಲ್ರಿಗೂ ನಮಸ್ಕಾರ. ಅಜ್ಜಂದು ಬರ್ಮಿಂಗ್‌ಹ್ಯಾಮ್‌ನ ಹಳೇ 12 ಬೋರ್ ಡಬಲ್ ಬ್ಯಾರಲ್ ಇದೆ, ಬೆಳೆ ರಕ್ಷಣೆ ಲೈಸೆನ್ಸು ಈಗ ನನ್ ಹೆಸರಿಗಾಗಿದೆ. ಅಂಗಡೀಲಿ ಕೊಟ್ಟ ತೋಟಾ ಮೇಲೆ 70 ಎಂಎಂ ಅಂತಿದೆ, ಸ್ಕೇಲಿಟ್ಟು ಅಳೆದ್ರೆ 60ರ ಹತ್ರ ಬರುತ್ತೆ ಅಷ್ಟೇ. ನಳಿಗೆ ಒಳಗೆ ಸಲೀಸಾಗಿ ಕೂರುತ್ತೆ, ಕೋವಿನೂ ಮುಚ್ಕೊಳುತ್ತೆ. ಚಿಕ್ಕಪ್ಪ ಮಾತ್ರ ಬೇಡ ಅಂತಾರೆ, ಯಾಕೆ ಅಂದ್ರೆ "ಹಳೇ ಕೋವಿ ಕಣೋ" ಅಂತಾರೆ, ಅದಕ್ಕಿಂತ ಮುಂದೆ ಹೇಳಲ್ಲ. ಗೊತ್ತಿರೋರು ಹೇಳಿ.

ಸಕಲೇಶಪುರದಿಂದ:
ಚಿಕ್ಕಪ್ಪ ಹೇಳಿದ್ದೇ ಸರಿ ಮಾರಾಯ್ರೆ, ಹಾಕ್ಬೇಡಿ. ತೋಟಾ ಮೇಲೆ ಬರೆದಿರೋ 70 ಇದ್ಯಲ್ಲ ಅದು ಹೊಡೆದ ಮೇಲಿನ ಉದ್ದ, ಅಂಗಡಿಯಿಂದ ತಂದಾಗ ಬಾಯಿ ನಕ್ಷತ್ರದ ಥರ ಮಡಚಿರ್ತಾರಲ್ಲ, ಆ ಕ್ರಿಂಪ್ ಒಳಗೇ ಒಂದು ಸೆಂಟಿಮೀಟರ್ ಅಡಗಿ ಕೂತಿರುತ್ತೆ, ಅದಕ್ಕೇ ನಿಮ್ ಸ್ಕೇಲಿಗೆ ಸಿಗಲಿಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಇಂಗ್ಲಿಷ್ ಕೋವಿಗಳಲ್ಲಿ ಹೆಚ್ಚಿನವಕ್ಕೆ ಚೇಂಬರು, ಅಂದ್ರೆ ತೋಟಾ ಕೂರೋ ಜಾಗ, ಎರಡೂವರೆ ಇಂಚು, ಅದನ್ನೇ 65 ಎಂಎಂ ಅಂತ ಕರೀತಾರೆ. ಚೇಂಬರ್ ಮುಗಿದ ಕೂಡ್ಲೇ ನಳಿಗೆ ಕಿರಿದಾಗ್ತಾ ಹೋಗುತ್ತೆ. ಕುದುರೆ ಎಳೆದಾಗ ಆ ಮಡಿಕೆ ಬಿಚ್ಕೊಳೋದು ಚೇಂಬರಲ್ಲಲ್ಲ, ಆ ಕಿರಿದಾದ ಜಾಗದಲ್ಲೇ, ಚರೆ, ವಾಡು (ಮದ್ದಿಗೂ ಚರೆಗೂ ಮಧ್ಯದ ಬಿಲ್ಲೆ) ಎಲ್ಲ ಅದನ್ನ ತೂರ್ಕೊಂಡೇ ಹೋಗ್ಬೇಕು, ಅಷ್ಟೊತ್ತಿಗೆ ಹಿಂದೆ ಪ್ರೆಶರ್ ಏರಿರುತ್ತೆ. ಒಂದೆರಡು ಸಲ ಏನೂ ಆಗದೇ ಇರ್ಬೋದು, ಅದನ್ನೇ ನಂಬ್ಕೊಂಡು ವರ್ಷಗಟ್ಲೆ ಹೊಡೆಯೋರಿದಾರೆ. ಭುಜಕ್ಕೆ ಒದೆತ ಜಾಸ್ತಿ ಅನ್ಸಿದ್ರೆ, ಖಾಲಿ ತೋಟಾ ಬಾಯಂಚು ಎಳೆಎಳೆಯಾಗಿ ಹರಿದಿದ್ರೆ ಅಲ್ಲಿಗೆ ನಿಲ್ಸಿ.

ಊಹೆ ಮಾಡೋ ಬದ್ಲು ಕೋವೀನೇ ಓದಿ. ಖಾಲಿ ಇದೆ ಅಂತ ಎರಡ್ ಸಲ ನೋಡ್ಕೊಂಡು ಮುಂದಿನ ಮರದ ಹಿಡಿ ಬಿಚ್ಚಿ ನಳಿಗೆ ಕಳಚಿ, ಹಿಂಬದಿಯ ಚಪ್ಪಟೆ ತಳದಲ್ಲಿ ಪ್ರೂಫ್ ಮುದ್ರೆಗಳಿರ್ತವೆ, ಕೋವಿ ಪ್ರೆಶರ್ ಪರೀಕ್ಷೆ ಪಾಸಾಗಿದೆ ಅನ್ನೋ ಗುರುತು. 1925ರ ನಿಯಮ ಬಂದ್ಮೇಲೆ ಚೇಂಬರ್ ಉದ್ದಾನೂ ಹೊಡೀತಿದ್ರು. 1954ರ ನಿಯಮದಲ್ಲಿ ಪ್ರೂಫ್ ಆಗಿದ್ರೆ 2½ ಇಂಚಿನ ಜೊತೆ 3 ಟನ್, 2¾ ಆಗಿದ್ರೆ 3¼ ಟನ್ ಅಂತಿರುತ್ತೆ, ಟನ್ ಅಂದ್ರೆ ಇಲ್ಲಿ ಪ್ರೆಶರ್ ಅಳತೆ. ಏನೂ ಇಲ್ಲ ಅಂದ್ರೆ ಲೈಸೆನ್ಸ್ ಇರೋ ಗನ್‌ಸ್ಮಿತ್ ಹತ್ರ ಗೇಜ್ ಹಾಕ್ಸಿ ಚೇಂಬರ್ ಅಳೆಸಿ. ನಳಿಗೆ ಮೇಲೆ ಹೆಣೆದಂಗೆ ಸುರುಳಿ ಗೆರೆ ಕಾಣ್ತಿದ್ರೆ ಅದು ಕಬ್ಬಿಣ ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ, ಹಂಗಿದ್ರೆ ತೋಟಾ ಉದ್ದದ ಮಾತು ಆಮೇಲೆ, ಮೊದ್ಲು ತೋರಿಸ್ಕೊಂಡು ಬನ್ನಿ.

ಆಲೂರಿಂದ:
ಲೇತ್ ಶಾಪಲ್ಲಿ ಚೇಂಬರ್ ಒಂಚೂರು ಉದ್ದ ಕೊರೆಸಿದ್ರೆ ಆಯ್ತಲ್ಲ ಗುರು? ನಮ್ ಕಡೆ ಒಬ್ರು ಮಾಡ್ಸವ್ರೆ.

ಸಕಲೇಶಪುರದಿಂದ:
ಬೇಡಪ್ಪ. ಪ್ರೆಶರ್ ಜಾಸ್ತಿ ಬೀಳೋ ಜಾಗದಲ್ಲೇ ಲೋಹ ತೆಳ್ಳಗೆ ಮಾಡ್ದಂಗೆ ಅದು, ಇದ್ದ ಪ್ರೂಫೂ ಹೋಯ್ತು.

ಹಾಸನದಿಂದ:
ನಂದು ಕೋವಿ ಅಲ್ಲ, ಕ್ಲಬ್ಬಲ್ಲಿ ಪಿಸ್ತೂಲ್ ಹೊಡೆಯೋದು, ಆದ್ರೂ ಸೇರಿಸ್ತೀನಿ. ಅಮೆರಿಕಾದಲ್ಲಿರೋ ನಮ್ ಭಾವ ಮನೇಲೇ ತೋಟಾ ರೀಲೋಡ್ ಮಾಡ್ತಾರೆ, ಅಂದ್ರೆ ಖಾಲಿ ತೋಟಾಗೆ ಮತ್ತೆ ಮದ್ದು ಗುಂಡು ತುಂಬ್ತಾರೆ, ಅಲ್ಲಿ ಅದು ಮಾಮೂಲಿ. ಅವ್ರು ಹೇಳೋದೂ ಇದೇ ಕಥೆ, ಉದ್ದ ಮತ್ತು ಕ್ರಿಂಪ್ ಬೇರೆಬೇರೆ ವಿಷ್ಯ ಅಲ್ಲ. .38 ಸ್ಪೆಷಲ್ ರಿವಾಲ್ವರ್ ಕೇಸಿಗೆ (ತೋಟಾದ ಹಿತ್ತಾಳೆ ಕೊಳವೆ) ಬುಡದಲ್ಲಿ ಅಂಚಿದೆ, ಅದು ತೋಟಾ ಒಳಗೆ ಜಾರದಂಗೆ ಹಿಡ್ಕೊಳುತ್ತೆ, ಹಂಗಾಗಿ ಬಾಯನ್ನ ಬುಲೆಟ್ಟಿನ ಗೆರೆಯೊಳಗೆ ಸುರುಳಿ ಕ್ರಿಂಪ್ ಮಾಡ್ಬೋದು, ಆದ್ರೆ ಕ್ರಿಂಪ್ ಮಾಡೋ ಅಚ್ಚು (ಡೈ) ಒಂದೇ ಎತ್ತರದಲ್ಲಿ ನಿಂತಿರುತ್ತಲ್ಲ, ಉದ್ದ ಇರೋ ಕೇಸು ಜಾಸ್ತಿ ಹಿಸುಕಿ ಹೋಗುತ್ತೆ, ಗಿಡ್ಡ ಇರೋದು ಹಿಡಿಯೋದೇ ಇಲ್ಲ, ಅದಕ್ಕೇ ಎಲ್ಲಾನೂ ಒಂದೇ ಅಳತೆಗೆ ಟ್ರಿಮ್ ಮಾಡೋದು. 9 ಎಂಎಂ ಪಿಸ್ತೂಲ್ ಕೇಸಿಗೆ ಆ ಅಂಚಿಲ್ಲ, ಬಾಯೇ ಚೇಂಬರ್ ಒಳಗಿನ ಮೆಟ್ಲಿಗೆ ತಾಗಿ ನಿಲ್ಬೇಕು, ಒಳಗೆ ಸುರುಳಿ ಸುತ್ತಿದ್ರೆ ನಿಲ್ಲೋಕೆ ಆಸರೆ ಎಲ್ಲಿ? ಅದಕ್ಕೆ ಹಗುರವಾಗಿ ಟೇಪರ್ ಕ್ರಿಂಪ್, ಬಾಯನ್ನ ಒಳಗೆ ಮಡಚದೇ ಸ್ವಲ್ಪ ಬಿಗಿ ಮಾಡೋದು ಅಷ್ಟೇ.

ನಂಗೆ ಇಷ್ಟವಾದ್ದು ಇನ್ನೊಂದು. 1935ರಲ್ಲಿ .38ಕ್ಕಿಂತ ಜಾಸ್ತಿ ಪ್ರೆಶರಿನ .357 ಮ್ಯಾಗ್ನಮ್ ತೋಟಾ ತಂದಾಗ .38ರ 29 ಎಂಎಂ ಚಿಲ್ಲರೆ ಕೇಸನ್ನ ಬೇಕಂತಲೇ 33ರ ಹತ್ರಕ್ಕೆ ಉದ್ದ ಮಾಡಿದ್ರು, ಹಳೇ ರಿವಾಲ್ವರಿಗೆ ತುರುಕೋಕೆ ಹೋದ್ರೂ ಹೋಗ್ಬಾರ್ದು ಅಂತ. ನಿಮ್ 12 ಬೋರಿಗೆ ಆ ತಡೆ ಇಲ್ಲ ನೋಡಿ, ಮಡಚಿಟ್ಟ ಬಾಯಿಂದಾಗಿ ತಪ್ಪು ತೋಟಾನೂ ಆರಾಮಾಗಿ ಒಳಗೋಗುತ್ತೆ. ಕೂರುತ್ತೆ ಅನ್ನೋದನ್ನ ಪರೀಕ್ಷೆ ಅನ್ಕೊಬೇಡಿ.

ಕೊಪ್ಪದಿಂದ:
ನಮ್ಮಪ್ಪನ ಕಾಲದಲ್ಲಿ ಹಿತ್ತಾಳೆ ತೋಟಾಗೆ ಮದ್ದು ಚರೆ ತುಂಬಿ ರಟ್ಟು ಇಟ್ಟು ಮೇಣ ಹಚ್ತಿದ್ರು, ಕ್ರಿಂಪ್ ಗಿಂಪ್ ಏನಿಲ್ಲ. ಈಗ ಯಾರೂ ಆ ಸಾಹಸಕ್ಕೆ ಹೋಗ್ಬೇಡಿ, 1959ರ ಆರ್ಮ್ಸ್ ಆಕ್ಟ್ ಪ್ರಕಾರ ತೋಟಾ ತಯಾರ್ಸೋಕೆ ಬೇರೆ ಲೈಸೆನ್ಸೇ ಬೇಕು, ಕೋವಿ ಲೈಸೆನ್ಸ್ ಸಾಲಲ್ಲ. ಅಟ್ಟದ ಮೇಲೆ ಹಳೇ ಕಾಗದದ ತೋಟಾ ಸಿಕ್ರೆ ಅದನ್ನೂ ಹೊಡೀಬೇಡಿ, ನಮ್ ಮಳೆಗಾಲಕ್ಕೆ ಕಾಗದ ಉಬ್ಬಿರುತ್ತೆ, ಹಿತ್ತಾಳೆ ಹಸಿರು ಕಟ್ಟಿರುತ್ತೆ.

ಮೂಡಿಗೆರೆಯಿಂದ:
ಬಿಚ್ಚಿ ನೋಡ್ದೆ. 2½ ಇಂಚು ಅಂತ ಸ್ಪಷ್ಟವಾಗೇ ಇದೆ, ಒಂದು ನಳಿಗೆ ಮೇಲೆ "ನಾಟ್ ಫಾರ್ ಬಾಲ್" ಅಂತಾನೂ ಇದೆ. ಏನದು? ಉಳಿದ 70ರ ತೋಟಾ ಏನ್ಮಾಡ್ಲಿ?

ಸಕಲೇಶಪುರದಿಂದ:
ಅದು ಚೋಕ್ ಇರೋ, ಅಂದ್ರೆ ಬಾಯಿ ಹತ್ರ ಕಿರಿದಾಗಿರೋ ನಳಿಗೆ, ಒಂಟಿ ಗುಂಡು ಹಾಕ್ಬೇಡಿ ಅಂತ ಅರ್ಥ, ಚರೆ ಮಾತ್ರ. ತೋಟಾ ಹೂಳೋದು ಸುಡೋದು ಮಾಡ್ಬೇಡಿ, ಇನ್ನೊಬ್ರಿಗೆ ಕೈಸಾಲ ಕೊಡ್ಲೂಬೇಡಿ. ಲೈಸೆನ್ಸ್ ಪುಸ್ತಕ ತಗೊಂಡು ಅದೇ ಅಂಗಡಿಗೆ ಹೋಗಿ, ವಾಪಸ್ ತಗೋತಾರಾ ಕೇಳಿ, ತಗೊಂಡ್ರೆ ಪುಸ್ತಕದಲ್ಲಿ ಎಂಟ್ರಿ ಹಾಕ್ಸೋದು ಮರೀಬೇಡಿ. ಹೊಸದು ತಗೊಳೋವಾಗ 65 ಅಥ್ವಾ ಎರಡೂವರೆ ಇಂಚಿನ ಚೇಂಬರಿಗೆ ಅಂತ ಡಬ್ಬದ ಮೇಲೇ ಬರೆದಿದ್ಯಾ ನೋಡಿ.