ಪೋಲೋ ಕೈನೇಸ್ ಜೊತೆ ಬಂದ ಪ್ರೋಟೀನ್‌ಗಳಲ್ಲಿ ನಿಜವಾದವು ಯಾವುವು?

ನೊಣದ ಹುಡುಗ, ವಿಜಯಪುರ:
ಹಣ್ಣುನೊಣದ ಪೋಲೋ ಕೈನೇಸ್ (ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ) ಯಾವ ಪ್ರೋಟೀನ್‌ಗಳ ಜೊತೆ ಸೇರುತ್ತದೆ ಅಂತ ಹುಡುಕುವುದು ನನ್ನ ಪ್ರಾಜೆಕ್ಟ್. ಪೋಲೋಗೆ ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್) ಟ್ಯಾಗ್ ಇರುವ ನೊಣಗಳನ್ನು ಅರೆದು, ಜಿಎಫ್‌ಪಿ ಹಿಡಿಯುವ ಬೀಡ್ಸ್‌ (ಸಣ್ಣ ಮಣಿಗಳು) ನಿಂದ ಎಳೆದು, ಯಾವ ಪ್ರೋಟೀನ್‌ಗಳಿವೆ ಅಂತ ಗುರುತಿಸುವ ಮಾಸ್ ಸ್ಪೆಕ್‌ಗೆ ಕಳಿಸಿದ್ದೆ. ಮುನ್ನೂರಕ್ಕಿಂತ ಜಾಸ್ತಿ ಹೆಸರು ಬಂದಿವೆ, ಮೇಲೆಲ್ಲಾ ಯಾವ ಜೀವಕೋಶದಲ್ಲೂ ಹೇರಳವಾಗಿರುವ ಆಕ್ಟಿನ್, ರೈಬೋಸೋಮ್, ಎಚ್‌ಎಸ್‌ಪಿ70! ಯಾವುದನ್ನು ಇಟ್ಕೊಳ್ಳಲಿ, ಯಾವುದನ್ನು ಬಿಡಲಿ?

ಕುಂದಾ ಅಕ್ಕ, ಬೆಳಗಾವಿ:
ತಮ್ಮಾ, ಪಟ್ಟಿ ಆಮೇಲೆ. ಅರೆದದ್ದು ಬೆಳೆದು ದೊಡ್ಡದಾದ ನೊಣಗಳನ್ನಾ? ಪೋಲೋಗೆ ಮುಖ್ಯ ಕೆಲಸ ಇರುವುದು ಜೀವಕೋಶ ಒಡೆದು ಎರಡಾಗುವಾಗ. ದೊಡ್ಡ ನೊಣದಲ್ಲಿ ಅಂಡಾಶಯ, ಕರುಳು ಇಂಥ ಕೆಲವು ಕಡೆ ಬಿಟ್ಟರೆ ಆ ಗಡಿಬಿಡಿಯೇ ಇಲ್ಲ. ಮೊಟ್ಟೆ ತಗೋ, ಇಟ್ಟು ಎರಡು ಗಂಟೆ ಒಳಗಿನವು. ಆಗ ನ್ಯೂಕ್ಲಿಯಸ್‌ಗಳು ಹೆಚ್ಚುಕಡಿಮೆ ಹತ್ತು ನಿಮಿಷಕ್ಕೊಮ್ಮೆ ಒಡೆಯುತ್ತಿರುತ್ತವೆ. ಮೊಟ್ಟೆ ಇಡಿಸಲು ದ್ರಾಕ್ಷಿ ರಸದ ಅಗರ್ ಪ್ಲೇಟ್ ಬೇಕು, ವಿಜಯಪುರದಲ್ಲಿ ಕೂತು ದ್ರಾಕ್ಷಿಗೆ ಬರವಾ? ಆದರೆ ನೊಣಗಳನ್ನು 25 ಡಿಗ್ರಿಯಲ್ಲೇ ಇಡು, ನಿಮ್ಮೂರ ಬಿಸಿಲಿಗೆ ಗಂಡು ನೊಣಗಳು ಬಂಜೆಯಾದರೆ ಮೊಟ್ಟೆ ಸಿಕ್ಕರೂ ಒಳಗೆ ಏನೂ ನಡೆಯಲ್ಲ.

ಬೆಲ್ಲದ ಗಾಣ, ಬಾಗಲಕೋಟೆ:
ಅಕ್ಕ ಹೇಳಿದ್ದು ಸರಿ. ಇನ್ನೊಂದು, ಬರೀ ಜಿಎಫ್‌ಪಿ ಇರುವ ನೊಣಗಳಿಂದಲೂ ಹಾಗೇ ಎಳೆದಿದ್ದೀರಾ? ಅದಿಲ್ಲದಿದ್ದರೆ ಬೀಡ್ಸ್‌ಗೆ ಸುಮ್ನೆ ಅಂಟಿದ್ದು ಯಾವುದು, ಪೋಲೋಗೆ ಅಂಟಿದ್ದು ಯಾವುದು ಅಂತ ದೇವರಿಗೇ ಗೊತ್ತು. ಬಫರ್‌ನಲ್ಲಿ ಫಾಸ್ಫಟೇಸ್ (ಫಾಸ್ಫೇಟ್ ಕಳಚುವ ಕಿಣ್ವ) ತಡೆಯುವ ಔಷಧ ಇರಲೇಬೇಕು ರೀ. ಪೋಲೋ ತನ್ನ ಬಾಲದ ಕಡೆಯ ಪೋಲೋ ಬಾಕ್ಸ್ ಅನ್ನೋ ಭಾಗದಿಂದ ಹಿಡಿಯುವುದು ಸಾಮಾನ್ಯವಾಗಿ ಮೊದಲೇ ಫಾಸ್ಫೇಟ್ ಹತ್ತಿದ ಜಾಗವನ್ನು, ಫಾಸ್ಫೇಟ್ ಕಳಚಿತು ಅಂದ್ರೆ ಜೋಡಿಯೂ ಜಾರಿತು. ಎಳೆದದ್ದು ಸರಿಯಾಗಿದೆಯಾ ಅಂತ ನೋಡಲು ಪಟ್ಟಿಯಲ್ಲಿ ಮ್ಯಾಪ್205 ಅನ್ನೋ ಪ್ರೋಟೀನ್ ಹುಡುಕಿ. ಅದು ಪೋಲೋಗೆ ಅಂಟುತ್ತದೆ ಅಂತ 2008ರಲ್ಲೇ ತೋರಿಸಿದ್ದಾರೆ, ಅದಕ್ಕೆ ಮಾತ್ರ ಫಾಸ್ಫೇಟ್ ಬೇಕಿಲ್ಲ. ಎಚ್‌ಎಸ್‌ಪಿ ಕಂಡು ಗಾಬರಿ ಬೇಡ, ಕೈನೇಸ್‌ಗಳು ಸರಿಯಾಗಿ ಮಡಚಿಕೊಳ್ಳಲು ಅಂಥವುಗಳ ಆಸರೆ ಬೇಕು.

ನೊಣದ ಹುಡುಗ, ವಿಜಯಪುರ:
ಬರೀ ಜಿಎಫ್‌ಪಿ ನೊಣ ಮಾಡೇ ಇಲ್ಲ ಸರ್ 😬 ಮ್ಯಾಪ್205 ಈಗ ಹುಡುಕಿದೆ, ಇಲ್ಲ. ಮತ್ತೆ ಮೊದಲಿಂದ.

ಕುಂದಾ ಅಕ್ಕ, ಬೆಳಗಾವಿ:
ಮೊಟ್ಟೆ ಸಿಕ್ಕ ತಕ್ಷಣ ಬ್ಲೀಚ್‌ನಲ್ಲಿ ಸಿಪ್ಪೆ ತೆಗೆದು ದ್ರವ ಸಾರಜನಕಕ್ಕೆ ಹಾಕು. ಸಾಕಷ್ಟು ಕೂಡಿದ ಮೇಲೆ ಒಮ್ಮೆಗೇ ಅರೆ. ಈ ಸಲ ಕಳಿಸುವ ಮೊದಲು ಒಂದು ವೆಸ್ಟರ್ನ್ ಬ್ಲಾಟ್ (ಆ್ಯಂಟಿಬಾಡಿಯಿಂದ ಒಂದು ಪ್ರೋಟೀನ್ ಗುರುತಿಸುವ ಪರೀಕ್ಷೆ) ಮಾಡಿ ಪೋಲೋ ಬಂದಿದೆಯಾ ನೋಡ್ಕೋ.