ಬೆನ್ನು ತಿರುಗಿಸಿದರೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಯಾಕೆ?

ಕಡೇಬೆಂಚು:
ನಮ್ಮದು ಹವ್ಯಾಸಿ ನಾಟಕ ತಂಡ. ಸಣ್ಣ ಹಾಲ್, ಮೈಕ್ ಇಲ್ಲ. ಒಂದು ದೃಶ್ಯದಲ್ಲಿ ಅಪ್ಪನ ಪಾತ್ರದವರು ಕಿಟಕಿ ಕಡೆ ಮುಖ ಮಾಡಿ, ಜನಕ್ಕೆ ಬೆನ್ನು ಕೊಟ್ಟು ಮಾತಾಡಬೇಕು. ನಿನ್ನೆ ತಾಲೀಮಿನಲ್ಲಿ ಕೊನೇ ಸಾಲಲ್ಲಿ ಕೂತು ಕೇಳಿದೆ. ದನಿಯೇನೋ ಚೆನ್ನಾಗಿಯೇ ಬರುತ್ತದೆ, ಆದರೆ "ಸಾಲ ತೀರಿಸು" ಅಂದಿದ್ದು "ಆಲ ತೀರಿಉ" ಅಂತ ಕೇಳಿಸಿತು! ಜೋರಾಗಿ ಅನ್ನಿ ಸಾರ್ ಅಂದೆ. ಗುಂಯ್ ಅನ್ನೋದು ಜಾಸ್ತಿ ಆಯಿತು, ಅಷ್ಟೇ.

ಧ್ವನಿಪೆಟ್ಟಿಗೆ:
ಅವರದ್ದೇನೂ ತಪ್ಪಿಲ್ಲ, ತಲೆ ಅಡ್ಡ ಬರುತ್ತಿದೆ. ಗಂಡಸರ ದನಿಯ ತಳ ಸುಮಾರು 100 ಹರ್ಟ್ಸ್, ಅಂದರೆ ಸೆಕೆಂಡಿಗೆ 100 ಕಂಪನ. ಅದರ ಒಂದು ಅಲೆಯೇ 3.4 ಮೀಟರ್ ಉದ್ದ, ಅದಕ್ಕೆ ತಲೆ ಯಾವ ಲೆಕ್ಕ, ಸುತ್ತಿಕೊಂಡು ಹಿಂದಕ್ಕೂ ಬರುತ್ತದೆ. "ಸ"ದ ಸದ್ದು 5000 ಹರ್ಟ್ಸ್ ಆಸುಪಾಸಿನದು, ಅಲೆ ಬರೀ 7 ಸೆಂ.ಮೀ. ತಲೆ ಅದರ ಎರಡರಷ್ಟು ಅಗಲ. ಹಾಗಾಗಿ ಅದು ಹೆಚ್ಚಾಗಿ ಮುಂದಕ್ಕೇ ಹೋಗುತ್ತದೆ. ಕೂಗಿದರೆ ಸ್ವರ ಉಬ್ಬುತ್ತದೆ, ವ್ಯಂಜನ ಅಷ್ಟು ಉಬ್ಬುವುದಿಲ್ಲ, ಅದಕ್ಕೇ ನಿಮಗೆ ಗುಂಯ್ ಮಾತ್ರ ಸಿಕ್ಕಿದ್ದು. 1939ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್‌ನ ಡನ್ ಮತ್ತು ಫಾರ್ನ್ಸ್‌ವರ್ತ್, ಮಾತಾಡುವವರ ತಲೆಯ ಸುತ್ತ ಇದನ್ನೆಲ್ಲ ಅಳೆದಿದ್ದರು.

ಸುಮ್ನೆ_ಬಂದೆ:
ಕಾಲರ್ ಮೈಕ್ ಹಾಕಿ, ಮುಗೀತು.

ಧ್ವನಿಪೆಟ್ಟಿಗೆ:
ಮುಗಿಯಲ್ಲ ಮಾರಾಯ್ರೇ. ಗದ್ದದ ಕೆಳಗೂ "ಸ", "ಶ" ಮಂಕಾಗುತ್ತವೆ, ಟ್ರೆಬಲ್ (ಸದ್ದಿನ ಕೀರಲು ಭಾಗ) ಏರಿಸಬೇಕಾಗುತ್ತದೆ. ಕೆನ್ನೆಗೆ ಅಂಟಿಸುವ ಮೈಕ್ ಆದರೆ ವಾಸಿ.

ಹಳೇ ನಟ:
ಒಂದು ಕೇಳ್ತೀನಿ, ಕಿಟಕಿ ಹಿಂದೆ ಏನಿದೆ? ಕಪ್ಪು ಪರದೆ ಅಲ್ವಾ? ದಪ್ಪ ಬಟ್ಟೆ "ಸ"ದಂಥ ಈ ಸಣ್ಣ ಅಲೆಯ ಸದ್ದುಗಳನ್ನೇ ಮೊದಲು ನುಂಗುತ್ತದೆ. ಅಲ್ಲಿ ಗಟ್ಟಿ ಹಲಗೆ ಇದ್ದರೆ ಬಾಯಿಂದ ಹೋದದ್ದು ತಟ್ಟಿ ವಾಪಸ್ ಜನದ ಕಡೆಗೇ ಬರುತ್ತದೆ. ಇನ್ನೊಂದು, ಪೂರ್ತಿ ಬೆನ್ನು ಯಾಕೆ ಕೊಡಬೇಕು? ಒಂದು ಕೆನ್ನೆ ಕಾಣುವಷ್ಟು ಓರೆ ನಿಂತರೂ ಜನಕ್ಕೆ ಅದು ಬೆನ್ನೇ. ಪಕ್ಕಕ್ಕೆ ಹೋಗುವ ಮಾತು ಹಿಂದಕ್ಕೆ ಹೋಗುವಷ್ಟು ಕೆಡುವುದಿಲ್ಲ.

ಕಡೇಬೆಂಚು:
ಪರದೆಯೇ ಇತ್ತು ಸಾರ್! ಇವತ್ತು ಅದನ್ನು ಸರಿಸಿ ಪ್ಲೈವುಡ್ ನಿಲ್ಲಿಸಿದೆವು. "ಸಾಲ" ಸಾಲವಾಗಿಯೇ ಕೇಳಿಸಿತು. "ತೀರಿಸು" ಇನ್ನೂ ಅರ್ಧಂಬರ್ಧ. ಓರೆ ನಿಲ್ಲಿ ಅಂದರೆ ಅಪ್ಪ ಒಪ್ಪುತ್ತಿಲ್ಲ, ಪಾತ್ರಕ್ಕೆ ಸಿಟ್ಟು ಬಂದಿದೆ ಅಂತೆ.