ಗೋಮಾಳ ಉಳಿಸಿಕೊಳ್ಳಬೇಕು, ಶಾಸಕರು ಕೇಳುತ್ತಿಲ್ಲ. ಅನುಭವ ಇದ್ದವರು ಹೇಳಿ

ಪ್ರಶ್ನೆ: ನಮ್ಮೂರ ಗೋಮಾಳದಲ್ಲಿ ಪಟ್ಟಣದ ಕಸದ ಘಟಕ ಮಾಡುತ್ತಾರಂತೆ. ಶಾಸಕರಿಗೆ ಮನವಿ ಕೊಟ್ಟೆವು. ‘ನೋಡೋಣ’ ಅಂದರು, ಅಷ್ಟೇ. ಊರಲ್ಲೂ ಅರ್ಧ ಜನ ಸುಮ್ಮನಿದ್ದಾರೆ. ಮುಂದೇನು ಮಾಡಬೇಕು?

ದೇವನಹಳ್ಳಿ ಕಡೆಯಿಂದ: ಸುಮ್ಮನಿರುವ ಆ ಅರ್ಧ ಜನರನ್ನು ಮೊದಲು ಮಾತಾಡಿಸಿ. ಶಾಸಕರ ವಿಷಯ ಆಮೇಲೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಬರುವ ಹೆಂಗಸರು, ಕುರಿ ಮೇಯಿಸುವವರು, ಇವರಿಗೆ ಗೋಮಾಳ ಹೋದರೆ ಏನಾಗುತ್ತದೆಂದು ಚೆನ್ನಾಗಿ ಗೊತ್ತು. ಯಾರೂ ಅವರನ್ನು ಕೇಳಿರುವುದಿಲ್ಲ.

ನಮ್ಮ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಹೊರಟರು. 2022ರ ಏಪ್ರಿಲ್‌ನಲ್ಲಿ ಧರಣಿ ಶುರುವಾಯಿತು, ಮೂರು ವರ್ಷಕ್ಕೂ ಜಾಸ್ತಿ ನಡೆಯಿತು. ಅಷ್ಟರಲ್ಲಿ ಸರ್ಕಾರವೇ ಬದಲಾಯಿತು. ವಿರೋಧ ಪಕ್ಷದಲ್ಲಿದ್ದಾಗ ಸಿದ್ದರಾಮಯ್ಯನವರು ಧರಣಿಗೆ ಬಂದು ಬೆಂಬಲ ಕೊಟ್ಟಿದ್ದರು. ಅವರು ಮುಖ್ಯಮಂತ್ರಿಯಾದ ಮೇಲೆ ರೈತರು ಅದೇ ಮಾತನ್ನು ಅವರ ಮುಂದೆ ಇಟ್ಟರು. ನೀವೂ ಅಷ್ಟೇ, ಯಾವ ಪಕ್ಷದವರು ಬಂದರೂ ಮೈಕ್ ಕೊಡಿ, ಆಡಿದ್ದನ್ನು ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ.

2025ರ ಜೂನ್‌ನಲ್ಲಿ ‘ಮೂರು ಹಳ್ಳಿಗಳ 495 ಎಕರೆ ಬಿಡುತ್ತೇವೆ’ ಎಂಬ ಮಾತು ಬಂತು. ನನ್ನ ಪ್ರಕಾರ ಇಡೀ ಹೋರಾಟದಲ್ಲಿ ದೊಡ್ಡ ಪರೀಕ್ಷೆ ಅದೇ. ಆ ಮೂರು ಹಳ್ಳಿಯವರು ‘ನಮ್ಮದು ಉಳಿಯಿತಲ್ಲ’ ಎಂದು ಮನೆಗೆ ಹೋಗಿದ್ದರೆ ಉಳಿದ ಹತ್ತು ಹಳ್ಳಿಗಳ ಗತಿ ಏನು? ಹೋರಾಟ ಅದನ್ನು ಒಪ್ಪಲಿಲ್ಲ. ಜೂನ್ 25ಕ್ಕೆ ‘ದೇವನಹಳ್ಳಿ ಚಲೋ’ ಆಯಿತು, ಪೊಲೀಸರು ಎಳೆದೊಯ್ದರು. ಧರಣಿ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂತು. ದಲಿತ, ಕಾರ್ಮಿಕ ಸಂಘಟನೆಗಳು, ಬರಹಗಾರರು, ನಟರು ಜೊತೆಗೆ ಕೂತರು. ಜುಲೈ 15ರಂದು ಮುಖ್ಯಮಂತ್ರಿಗಳು ಭೂಸ್ವಾಧೀನ ಕೈಬಿಟ್ಟೆವು ಎಂದರು. ಸ್ವಇಚ್ಛೆಯಿಂದ ಕೊಡುವವರ ಜಮೀನು ತಗೊಳ್ಳುತ್ತೇವೆ ಎಂದೂ ಸೇರಿಸಿದರು. ಹಾಗಾಗಿ ಇಲ್ಲಿ ಯಾರೂ ಮೈಮರೆತು ಕೂತಿಲ್ಲ. ನಿಮಗೂ ‘ಅರ್ಧ ಗೋಮಾಳ ಬಿಡುತ್ತೇವೆ’ ಎಂಬ ಮಾತು ಬಂದೇ ಬರುತ್ತದೆ. ಏನು ಹೇಳಬೇಕೆಂದು ಈಗಲೇ ಊರವರು ಕೂತು ತೀರ್ಮಾನಿಸಿ.

ಬೆಂಗಳೂರಿನಿಂದ: ಬೇಡಿಕೆ ಒಂದೇ ಇರಲಿ, ಮಕ್ಕಳಿಗೂ ಅರ್ಥವಾಗಲಿ. ಚಾಲುಕ್ಯ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ ಕಟ್ಟಲು ಹೊರಟಾಗ ನಾವು ಕೇಳಿದ್ದು ‘ಬೇಡ’ ಅಂತ ಅಷ್ಟೇ. 812 ಮರ ಕಡಿಯುತ್ತಾರೆ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇತ್ತು. 2016ರ ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ರಸ್ತೆ ಬದಿಯಲ್ಲಿ ಕೈ ಕೈ ಹಿಡಿದು ನಿಂತೆವು. ಅದೇ ತಿಂಗಳು ಹಸಿರು ನ್ಯಾಯಮಂಡಳಿಯಿಂದ ತಡೆಯೂ ಸಿಕ್ಕಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಬೀದಿ ಮತ್ತು ಕೋರ್ಟು, ಎರಡೂ ಕಡೆ ಕೆಲಸ ಒಟ್ಟಿಗೇ ನಡೆಯಬೇಕು.

ಹಾಸನದಿಂದ, ಪಂಚಾಯಿತಿ ಸದಸ್ಯೆಯಾಗಿದ್ದವಳು: ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ನಡಾವಳಿಯ ನಕಲು ತಗೊಳ್ಳಿ. ಅದನ್ನು ತಹಶೀಲ್ದಾರ್ ಮತ್ತು ಡಿಸಿ ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಘಟಕದ ಕಡತವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು. ಇನ್ನೊಂದು ಮಾತು. 100 ಜಾನುವಾರಿಗೆ 30 ಎಕರೆಯಂತೆ ಗೋಮಾಳ ಇಡಬೇಕೆಂದು ಭೂಕಂದಾಯ ನಿಯಮವೇ ಹೇಳುತ್ತದೆ. ಪಶು ಆಸ್ಪತ್ರೆಯಿಂದ ನಿಮ್ಮೂರ ಜಾನುವಾರು ಲೆಕ್ಕ ಬರೆಸಿಕೊಂಡು ಬನ್ನಿ. ಗೋಮಾಳದ ಪಹಣಿ ತೆಗೆಸಿದ್ದೀರಾ? ಒಟ್ಟು ಎಷ್ಟು ಎಕರೆ ಇದೆ ಅಂತ ತಿಳಿಸಿ, ಲೆಕ್ಕ ಹಾಕಿ ನೋಡೋಣ.